ಹುಡುಗಿಯರ ಲ್ಯಾಕ್ರೋಸ್: ಸಂಬಳವಿಲ್ಲದೆ ಬೆಳೆಸಿದ ಆಟ

ಲ್ಯಾಕ್ರೋಸ್ ಎಂಬುದು ತುದಿಯಲ್ಲಿ ಬಲೆ ಹೆಣೆದ ಕೋಲಿನಿಂದ ಚಿಕ್ಕ ರಬ್ಬರ್ ಚೆಂಡನ್ನು ಹಿಡಿದು, ಬೀಳಿಸದೆ ಓಡಿ, ಜೊತೆಗಾರರಿಗೆ ಎಸೆದು, ಕೊನೆಗೆ ಎದುರಾಳಿಯ ಗೋಲಿಗೆ ಹೊಡೆಯುವ ಮೈದಾನದ ಆಟ. ಉತ್ತರ ಅಮೆರಿಕದ ಮೂಲನಿವಾಸಿಗಳು ಯುರೋಪಿಯನ್ನರು ಬರುವ ಮೊದಲಿನಿಂದಲೂ ಇದನ್ನು ಆಡುತ್ತಿದ್ದರು. 1630ರ ದಶಕದಲ್ಲಿ ಹ್ಯೂರಾನ್ ಜನರ ನಡುವೆ ನೆಲೆಸಿದ್ದ ಫ್ರೆಂಚ್ ಜೆಸ್ಯೂಟ್ ಪಾದ್ರಿ ಝಾನ್ ದ ಬ್ರೆಬಫ್, ಕಾಯಿಲೆ ಬಿದ್ದವರ ಗುಣಕ್ಕಾಗಿ ಈ ಆಟವನ್ನು ಆಡಿಸುತ್ತಿದ್ದ ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಹೊರಗಿನವರು ಇರೊಕ್ವಾ ಎಂದು ಕರೆದ, ತಮ್ಮನ್ನು ತಾವು ಹೌಡೆನೊಸೌನಿ ಎಂದು ಕರೆದುಕೊಳ್ಳುವ ಆರು ಜನಾಂಗಗಳ ಒಕ್ಕೂಟದಲ್ಲಿ ಇದು ಇಂದಿಗೂ ಸೃಷ್ಟಿಕರ್ತನಿಗೆ ಸಲ್ಲುವ ಸೇವೆ, ರೋಗಕ್ಕೆ ಮದ್ದು. ಆ ಪರಂಪರೆಯಲ್ಲಿ ಮರದ ಕೋಲನ್ನು ಹೆಂಗಸರು ಮುಟ್ಟುವಂತಿಲ್ಲ. ಆದ್ದರಿಂದ ಹುಡುಗಿಯರ ಲ್ಯಾಕ್ರೋಸ್ ಈ ಮೂಲದಿಂದ ನೇರವಾಗಿ ಇಳಿದು ಬಂದದ್ದಲ್ಲ. ಅದು ಸಾಗರ ದಾಟಿ ಸ್ಕಾಟ್ಲೆಂಡಿನ ಒಂದು ಶಾಲೆಯಲ್ಲಿ ಬೇರೂರಿ ಮತ್ತೆ ಅಮೆರಿಕಕ್ಕೆ ಮರಳಿತು. ಆ ದಾರಿಯುದ್ದಕ್ಕೂ ಅದನ್ನು ಮುಂದಕ್ಕೆ ಒಯ್ದವರು ಸರ್ಕಾರವೂ ಅಲ್ಲ, ವ್ಯಾಪಾರಿಗಳೂ ಅಲ್ಲ. ತಾವು ಕಲಿತದ್ದನ್ನು ಇನ್ನೊಂದು ಊರಿನ ಹುಡುಗಿಯರಿಗೆ ಕಲಿಸಲು ಮುಂದಾದ ಅಧ್ಯಾಪಕಿಯರು ಮತ್ತು ಹಳೆಯ ವಿದ್ಯಾರ್ಥಿನಿಯರು.

ಮಾಂಟ್ರಿಯಲ್‌ನ ದಂತವೈದ್ಯ ವಿಲಿಯಂ ಜಾರ್ಜ್ ಬೀರ್ಸ್ 1867ರ ಸುಮಾರಿಗೆ ಆಟಕ್ಕೆ ಲಿಖಿತ ನಿಯಮಗಳನ್ನು ರೂಪಿಸಿದನು. 1876ರಲ್ಲಿ ಮೂಲನಿವಾಸಿ ಆಟಗಾರರ ತಂಡವೊಂದು ಬ್ರಿಟನ್ನಿಗೆ ಹೋಗಿ ವಿಕ್ಟೋರಿಯಾ ರಾಣಿಯ ಎದುರಿನಲ್ಲೂ ಆಡಿತು. ಆದರೆ ಹುಡುಗಿಯರ ಪಾಲಿಗೆ ನಿರ್ಣಾಯಕವಾದದ್ದು 1884ರಲ್ಲಿ ಲೂಯಿಸಾ ಲಮ್ಸ್‌ಡೆನ್ ಕೆನಡಾದಲ್ಲಿ ಕಂಡ ಪಂದ್ಯ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದಲ್ಲಿ 1877ರಲ್ಲಿ ಆರಂಭವಾದ ಸೇಂಟ್ ಲಿಯೊನಾರ್ಡ್ಸ್ ಬಾಲಿಕಾ ಶಾಲೆಯ ಮೊದಲ ಮುಖ್ಯೋಪಾಧ್ಯಾಯಿನಿಯಾಗಿದ್ದ ಆಕೆ, ಆಟದ ಚೆಲುವಿಗೆ ಮನಸೋತು, ಇದು ತಮ್ಮ ಶಾಲೆಗೂ ಬರಬೇಕೆಂದು ಬಯಸಿದರು. 1890ರ ಮಾರ್ಚ್‌ನಲ್ಲಿ, ಜೇನ್ ಡವ್ ಮುಖ್ಯೋಪಾಧ್ಯಾಯಿನಿಯಾಗಿದ್ದ ಕಾಲದಲ್ಲಿ, ಆ ಶಾಲೆಯ ಹುಡುಗಿಯರು ಆಡಿದ ಪಂದ್ಯವನ್ನು ಮಹಿಳಾ ಲ್ಯಾಕ್ರೋಸ್‌ನ ಮೊದಲ ಪಂದ್ಯವೆಂದು ಪರಿಗಣಿಸಲಾಗುತ್ತದೆ. ಹೆಣ್ಣುಮಕ್ಕಳ ದೇಹ ಹೆಚ್ಚಿನ ಓದನ್ನೂ ತಾಳದು, ಓಟವನ್ನೂ ತಾಳದು ಎಂದು ವೈದ್ಯರೇ ವಾದಿಸುತ್ತಿದ್ದ ಆ ದಶಕಗಳಲ್ಲಿ, ಗಣಿತ ಮತ್ತು ಗ್ರೀಕ್ ಕಲಿಸುವ ಶಾಲೆಯೊಂದು ಮೈದಾನವನ್ನೂ ಪಾಠದ ಭಾಗವೆಂದು ಒಪ್ಪಿಕೊಂಡದ್ದು ಸಣ್ಣ ಧೈರ್ಯವಲ್ಲ.

ಅಲ್ಲಿ ರೂಪುಗೊಂಡ ಆಟ ಗಂಡಸರ ಆಟದಿಂದ ಬೇರೆಯಾಗಿಯೇ ಬೆಳೆಯಿತು. ಗಂಡಸರ ಪಂದ್ಯದಲ್ಲಿ ಮೈಗೆ ಮೈ ಡಿಕ್ಕಿ ಹೊಡೆಯಲು ಅವಕಾಶವಿದ್ದು, ಹೆಲ್ಮೆಟ್ಟೂ ತೋಳುಕವಚವೂ ಅಗತ್ಯವಾದವು. ಹೆಂಗಸರ ಆಟದಲ್ಲಿ ಮೈ ತಾಗಿಸುವಂತಿಲ್ಲ, ಕೋಲಿನಿಂದ ಎದುರಾಳಿಯ ಕೋಲನ್ನು ತಟ್ಟಿ ಚೆಂಡನ್ನು ಉದುರಿಸಬಹುದೇ ಹೊರತು ಆ ಏಟು ತಲೆಯ ಹತ್ತಿರ ಸುಳಿಯಕೂಡದು. ಅವರ ಕೋಲಿನ ಬಲೆ ಆಳವಿಲ್ಲದ್ದು. ಆದ್ದರಿಂದ ಓಡುವಾಗ ಚೆಂಡು ಜಾರದಂತೆ ಕೋಲನ್ನು ಎಡೆಬಿಡದೆ ಅತ್ತಿತ್ತ ತೂಗುತ್ತಿರಬೇಕು. ‘ಕ್ರೇಡಲ್’ ಎನ್ನುವ ಈ ತೂಗಾಟವೇ ಹೊಸಬರು ಕಲಿಯಬೇಕಾದ ಮೊದಲ ವಿದ್ಯೆ. ಆಟದ ಆರಂಭಕ್ಕೆ ‘ಡ್ರಾ’ ಎಂದು ಹೆಸರು: ನಡುಮೈದಾನದಲ್ಲಿ ಇಬ್ಬರು ಆಟಗಾರ್ತಿಯರು ಎದುರುಬದುರು ನಿಂತು, ಅಡ್ಡವಾಗಿ ಹಿಡಿದ ಎರಡು ಕೋಲುಗಳ ನಡುವೆ ಚೆಂಡನ್ನು ಇರಿಸಿಕೊಂಡು, ಸೀಟಿ ಕೇಳಿದೊಡನೆ ಅದನ್ನು ಮೇಲಕ್ಕೆ ಚಿಮ್ಮಿಸುತ್ತಾರೆ. ಗಂಡಸರ ತಂಡ 1930ರ ದಶಕದಲ್ಲಿ 10 ಜನಕ್ಕೆ ಇಳಿದಾಗಲೂ ಹೆಂಗಸರ ತಂಡ 12ರಲ್ಲೇ ಉಳಿಯಿತು. ಅವರ ಮೈದಾನಕ್ಕೆ ಇಪ್ಪತ್ತೊಂದನೆಯ ಶತಮಾನದ ಆರಂಭದವರೆಗೂ ಕಟ್ಟುನಿಟ್ಟಾದ ಗಡಿಗೆರೆಯೂ ಇರಲಿಲ್ಲ. ಬಯಲಿನಲ್ಲಿ ಎಲ್ಲೆಯಿಲ್ಲದೆ ಹರಡಿಕೊಂಡು ಆಡುತ್ತಿದ್ದ ಮೂಲನಿವಾಸಿಗಳ ಆಟದ ವೈಶಾಲ್ಯ, ಈ ಒಂದು ಅಂಶದಲ್ಲಾದರೂ, ಶಾಲಾ ಹುಡುಗಿಯರ ಆಟದಲ್ಲಿಯೇ ಹೆಚ್ಚು ಕಾಲ ಉಳಿಯಿತೆನ್ನಬಹುದು.

ಸೇಂಟ್ ಲಿಯೊನಾರ್ಡ್ಸ್‌ನಿಂದ ಹೊರಬಿದ್ದವರು ಆಟವನ್ನು ತಮ್ಮೊಂದಿಗೆ ಒಯ್ದರು. ಜೇನ್ ಡವ್ 1896ರಲ್ಲಿ ಇಂಗ್ಲೆಂಡಿನಲ್ಲಿ ವಿಕಮ್ ಆ್ಯಬಿ ಶಾಲೆಯನ್ನು ತೆರೆದರು, ಅಲ್ಲಿಯೂ ಲ್ಯಾಕ್ರೋಸ್ ನೆಲೆಯೂರಿತು. 1912ರಲ್ಲಿ ಇಂಗ್ಲೆಂಡಿನ ಆಟಗಾರ್ತಿಯರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಅಟ್ಲಾಂಟಿಕ್‌ನ ಆಚೆ ಇದನ್ನು ಬೇರೂರಿಸಿದವರು ಸೇಂಟ್ ಲಿಯೊನಾರ್ಡ್ಸ್‌ನಲ್ಲಿಯೇ ಆಟ ಕಲಿತ ರೋಸಬೆಲ್ ಸಿಂಕ್ಲೇರ್. ಬಾಲ್ಟಿಮೋರ್ ನಗರದ ಬ್ರಿನ್ ಮಾರ್ ಬಾಲಿಕಾ ಶಾಲೆಯಲ್ಲಿ 1926ರಲ್ಲಿ ಅವರು ಆರಂಭಿಸಿದ ತರಬೇತಿಯನ್ನೇ ಅಮೆರಿಕದ ಹುಡುಗಿಯರ ಲ್ಯಾಕ್ರೋಸ್‌ನ ಮೂಲವೆಂದು ಹೇಳಲಾಗುತ್ತದೆ. 1931ರಲ್ಲಿ ಅಮೆರಿಕದಲ್ಲಿಯೂ ಮಹಿಳಾ ಸಂಘ ಹುಟ್ಟಿತು. ಸಿಂಕ್ಲೇರ್ ಅವರ ಹೆಸರು ಅಲ್ಲಿನ ರಾಷ್ಟ್ರೀಯ ಲ್ಯಾಕ್ರೋಸ್ ಗೌರವಪಟ್ಟಿಗೆ ಸೇರಿದ್ದು 1992ರಲ್ಲಿ. ಆ ಪಟ್ಟಿಗೆ ಸೇರಿದ ಮೊದಲ ಮಹಿಳೆ ಅವರೇ. ಅಷ್ಟು ದೊಡ್ಡ ಕೆಲಸಕ್ಕೆ ಮನ್ನಣೆ ಇಷ್ಟು ತಡವಾಗಿ ದೊರೆತದ್ದು ನೋವಿನ ಸಂಗತಿ.

ಇಷ್ಟಾದರೂ ಆಟ ಪೂರ್ವ ಕರಾವಳಿಯ ಕೆಲವು ಖಾಸಗಿ ಶಾಲೆ, ಕಾಲೇಜುಗಳ ಆವರಣದಲ್ಲಿಯೇ ಬಹುಕಾಲ ಉಳಿದುಕೊಂಡಿತ್ತು. ಕೇಂದ್ರ ಸರ್ಕಾರದ ಹಣ ಪಡೆಯುವ ಶಿಕ್ಷಣ ಕಾರ್ಯಕ್ರಮಗಳಲ್ಲಿ ಲಿಂಗಭೇದವನ್ನು ನಿಷೇಧಿಸುವ, ‘ಟೈಟಲ್ ನೈನ್’ ಎಂದು ಹೆಸರಾದ ಕಾನೂನು 1972ರಲ್ಲಿ ಬಂದ ಮೇಲೆ ಸ್ಥಿತಿ ಬದಲಾಯಿತು: ಅದಕ್ಕೆ ಮುಂಚಿನ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದ ಪ್ರೌಢಶಾಲಾ ಕ್ರೀಡೆಗಳಲ್ಲಿ ತೊಡಗಿದ್ದ ಹುಡುಗಿಯರು ಸುಮಾರು 2.94 ಲಕ್ಷ, 2018–19ರ ವೇಳೆಗೆ ಆ ಸಂಖ್ಯೆ 34 ಲಕ್ಷದಷ್ಟಾಗಿತ್ತು. ಕೋಲನ್ನು ಮುಟ್ಟಬಾರದೆಂಬ ಕಟ್ಟಳೆಯಿದ್ದ ಹೌಡೆನೊಸೌನಿ ಸಮುದಾಯದ ಹೆಣ್ಣುಮಕ್ಕಳೂ 2009ರಲ್ಲಿ ಪ್ರಾಗ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ತಮ್ಮ ಜನಾಂಗಗಳ ಹೆಸರಿನಲ್ಲಿಯೇ ಆಡಿದರು. 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ, ಕ್ರಿಕೆಟ್ಟಿನ ಜೊತೆಗೆ ಲ್ಯಾಕ್ರೋಸನ್ನೂ 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಸೇರಿಸಿತು.

ಟೈಟಲ್ ನೈನ್ ಕಾನೂನು ಅವಕಾಶದ ಸಮಾನತೆಯನ್ನು ಕೇಳಿತೇ ಹೊರತು ಇಂಥದೇ ಆಟವನ್ನು ಆಡಿಸಬೇಕೆಂದು ಯಾವ ಶಾಲೆಗೂ ಹೇಳಲಿಲ್ಲ. ಶಾಲೆಗಳ ನಡುವಣ ಪಂದ್ಯಗಳನ್ನು ನಡೆಸುವ ರಾಜ್ಯಮಟ್ಟದ ಮಂಡಳಿಗಳು ಲ್ಯಾಕ್ರೋಸನ್ನು ಅಧಿಕೃತ ಕ್ರೀಡೆಯೆಂದು ಒಪ್ಪದಿರುವ ಕಡೆ ಸಾಮಾನ್ಯವಾಗಿ ಶಾಲೆಯ ಹಣವೂ ತರಬೇತುದಾರರೂ ದೊರೆಯುವುದಿಲ್ಲ. ಪಶ್ಚಿಮದ ವಾಷಿಂಗ್ಟನ್, ಒರೆಗಾನ್ ರಾಜ್ಯಗಳಲ್ಲಿ ದೀರ್ಘಕಾಲ ಇದೇ ಸ್ಥಿತಿಯಿದ್ದು, ಆ ತೆರಪನ್ನು ತುಂಬಿದವು ಸ್ವಯಂಸೇವಕರ ಕ್ಲಬ್‌ಗಳು. ಸಾಮಾನ್ಯವಾಗಿ ಲಾಭರಹಿತ ಸಂಸ್ಥೆಯಾಗಿ ನೋಂದಾಯಿತವಾಗುವ ಇಂಥ ಕ್ಲಬ್‌ನಲ್ಲಿ ಲೆಕ್ಕಪತ್ರ, ಮೈದಾನದ ಬಾಡಿಗೆ, ಪ್ರಯಾಣದ ಏರ್ಪಾಡುಗಳನ್ನು ತಂದೆತಾಯಂದಿರು ಹಂಚಿಕೊಳ್ಳುತ್ತಾರೆ, ಕಾಲೇಜಿನಲ್ಲಿ ಆಡಿ ಬಂದ ಯುವತಿಯರು ಕೆಲಸ ಮುಗಿಸಿ ಸಂಜೆ ತರಬೇತಿಗೆ ಬರುತ್ತಾರೆ. ಒಂದೇ ಶಾಲೆಯಲ್ಲಿ ತಂಡಕ್ಕಾಗುವಷ್ಟು ಆಟಗಾರ್ತಿಯರು ಸಿಗದಿದ್ದರೆ ನೆರೆಯ ಎರಡು ಮೂರು ಶಾಲೆಗಳವರು ಒಂದೇ ಜೆರ್ಸಿ ತೊಡುತ್ತಾರೆ. ಸೇರಲು ಬೇಕಾದ್ದು ಸದಸ್ಯತ್ವದ ಶುಲ್ಕ, ಕೋಲು, ಕಣ್ಣಿಗೆ ಲೋಹದ ಸರಳುಗಳ ಕನ್ನಡಕ, ಹಲ್ಲು ಕಾಯುವ ಮೌತ್‌ಗಾರ್ಡ್, ಮುಳ್ಳುತಳದ ಬೂಟು. ಆಟದ ಅನುಭವ ಬೇಕೇ ಬೇಕೆಂದು ಹೆಚ್ಚಿನ ಕ್ಲಬ್‌ಗಳು ಕೇಳುವುದಿಲ್ಲ, ಹೊಸಬರಿಗೆ ಕೋಲನ್ನು ಎರವಲು ಕೊಡುವವೂ ಉಂಟು. ಹಾಗಿದ್ದೂ ಶುಲ್ಕ ಮತ್ತು ದೂರದ ಪಂದ್ಯಗಳ ಖರ್ಚು ಬಡ ಮನೆಯ ಹುಡುಗಿಯರನ್ನು ಹೊರಗಿಡುತ್ತದೆ ಎಂಬ ಮಾತಿನಲ್ಲಿ ಹುರುಳಿದೆ, ಮತ್ತು ಅದಕ್ಕೆ ಶುಲ್ಕವಿನಾಯಿತಿಯೊಂದೇ ಪೂರ್ಣ ಪರಿಹಾರವಲ್ಲ. ಮಂಡಳಿ ಆಟವನ್ನು ಅಧಿಕೃತಗೊಳಿಸಿದ ಊರುಗಳಲ್ಲಿ ಹಿರಿಯ ಹುಡುಗಿಯರು ಶಾಲೆಯ ತಂಡಕ್ಕೆ ಹೋಗುತ್ತಾರೆ. ಆಗ ಅನೇಕ ಕ್ಲಬ್‌ಗಳು ಕೆಳಗಿನ ತರಗತಿಗಳ ಮಕ್ಕಳ ಕಡೆಗೆ ತಿರುಗಿ, ಅವರಿಗೆ ಕೋಲು ತೂಗುವುದನ್ನು ಕಲಿಸತೊಡಗುತ್ತವೆ.