ಕಾವೇರಿಯ ಬೆಳಕು: ನಾಲ್ಕು ಪಾಠ, ಒಂದೇ ಕಥೆ

ನಮ್ಮ ಮಕ್ಕಳ ಭೌತವಿಜ್ಞಾನದ ಪುಸ್ತಕದಲ್ಲಿ ಚಲನೆ ಒಂದು ಪಾಠ, ಶಕ್ತಿ ಇನ್ನೊಂದು, ವಿದ್ಯುತ್ತು ಮತ್ತೊಂದು, ಕಾಂತತ್ವ ಮಗದೊಂದು. ಒಂದರ ಪರೀಕ್ಷೆ ಮುಗಿದ ಮೇಲೆ ಇನ್ನೊಂದು ಶುರು. ಈ ನಾಲ್ಕಕ್ಕೂ ಏನು ಸಂಬಂಧ ಎಂದು ಕೇಳಿದರೆ, ಚೆನ್ನಾಗಿ ಅಂಕ ತೆಗೆಯುವ ಮಗುವೂ ಒಂದು ಕ್ಷಣ ತಡವರಿಸುತ್ತದೆ. ಆ ಸಂಬಂಧವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಕಥೆಯೊಂದು ನಮ್ಮ ನಾಡಿನ ಚರಿತ್ರೆಯಲ್ಲೇ ಇದೆ. ಅದು ನಡೆದದ್ದು ಇಂದಿನ ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ, 1902ರಲ್ಲಿ.

ಕಥೆ ಶುರುವಾಗುವುದು ಮಾತ್ರ ಕೋಲಾರದ ಚಿನ್ನದ ಗಣಿಗಳಿಂದ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿ ಗಣಿಗಾರಿಕೆ ನಡೆಸುತ್ತಿತ್ತು. ಗಣಿ ಆಳಕ್ಕೆ ಇಳಿದಂತೆಲ್ಲ ಅದಿರು ಮೇಲೆತ್ತಲು, ನೀರು ಹೊರಹಾಕಲು, ಕಲ್ಲು ಪುಡಿಮಾಡಲು ಹೆಚ್ಚು ಹೆಚ್ಚು ಶಕ್ತಿ ಬೇಕಾಯಿತು. ಉಗಿಯಂತ್ರಗಳಿದ್ದವು, ಆದರೆ ಅವುಗಳಿಗೆ ಉರುವಲು ದೂರದಿಂದ ಬರಬೇಕಿತ್ತು. ಕೋಲಾರ ಬಯಲುಸೀಮೆ, ವರ್ಷವಿಡೀ ಹರಿಯುವ ನದಿ ಅಲ್ಲಿಲ್ಲ. ಕಾವೇರಿ ಧುಮುಕುವ ಶಿವನಸಮುದ್ರ ಇದ್ದದ್ದು ತಂತಿಯ ದಾರಿಯಲ್ಲಿ ಅಳೆದರೆ ಸುಮಾರು 147 ಕಿಲೋಮೀಟರ್ ದೂರದಲ್ಲಿ. ನದಿಯನ್ನು ಅಲ್ಲಿಗೆ ಒಯ್ಯುವಂತಿರಲಿಲ್ಲ. ನದಿಯ ಶಕ್ತಿಯನ್ನು ಒಯ್ಯಬಹುದೇ? ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಮತ್ತು ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅವರ ಮುಂದಿದ್ದದ್ದು ಈ ಪ್ರಶ್ನೆ.

ಅದಕ್ಕೆ ಉತ್ತರ ಹುಡುಕುವಾಗ ನಮ್ಮ ನಾಲ್ಕು ಪಾಠಗಳೂ ಒಂದೊಂದಾಗಿ ಬರುತ್ತವೆ.

ಮೊದಲನೆಯದು ಶಕ್ತಿ. ಎತ್ತರದಲ್ಲಿ ನಿಂತ ನೀರು ಸುಮ್ಮನಿದ್ದಂತೆ ಕಾಣುತ್ತದೆ, ಆದರೆ ಅದರಲ್ಲಿ ಪ್ರಚ್ಛನ್ನ ಶಕ್ತಿ ಅಡಗಿದೆ. 'ಪ್ರಚ್ಛನ್ನ' ಎಂದರೆ ಮರೆಯಲ್ಲಿರುವುದು ಎಂದೇ ಅರ್ಥ. ಶಿವನಸಮುದ್ರದಲ್ಲಿ ಕಾವೇರಿ ಹೆಚ್ಚುಕಡಿಮೆ 100 ಮೀಟರ್ ಕೆಳಗಿಳಿಯುತ್ತದೆ. 100 ಮೀಟರ್ ಎತ್ತರದಲ್ಲಿರುವ ಒಂದು ಲೀಟರ್ ನೀರಿನಲ್ಲಿ ಸುಮಾರು 980 ಜೂಲ್ ಶಕ್ತಿ ಇರುತ್ತದೆ. ಇದು ಎಷ್ಟು ಎಂದು ತಿಳಿಯಲು ಮನೆಯ ಕರೆಂಟ್ ಬಿಲ್ಲು ನೋಡಿ. ಅದರಲ್ಲಿರುವ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಸ್ವಲ್ಪವೂ ಪೋಲಾಗದು ಎಂದುಕೊಂಡರೂ ಒಂದು ಯೂನಿಟ್ಟಿಗೆ ಸುಮಾರು 3,700 ಲೀಟರ್ ನೀರು ಆ ಎತ್ತರದಿಂದ ಇಳಿಯಬೇಕು! ಯಾರೂ ಇಲ್ಲದ ಕೋಣೆಯಲ್ಲಿ ಎ.ಸಿ. ಓಡುತ್ತಿದ್ದರೆ ಮಕ್ಕಳಿಗೆ ಈ ಲೆಕ್ಕ ಹೇಳಿ ನೋಡಿ.

ಎರಡನೆಯದು ಚಲನೆ. ನೀರು ಕೆಳಗಿಳಿದಂತೆ ಮರೆಯಲ್ಲಿದ್ದ ಶಕ್ತಿ ಚಲನ ಶಕ್ತಿಯಾಗುತ್ತದೆ. ತಡೆಯಿಲ್ಲದೆ 100 ಮೀಟರ್ ಬಿದ್ದ ನೀರಿನ ವೇಗ ಗಂಟೆಗೆ ಸುಮಾರು 160 ಕಿಲೋಮೀಟರ್. ಶೇಖ್ ಜಾಯೆದ್ ರಸ್ತೆಯ ಕಾರುಗಳನ್ನೂ ಹಿಂದೆ ಹಾಕುವ ವೇಗ. ವೇಗ ಎರಡು ಪಟ್ಟಾದರೆ ಚಲನ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡಬಹುದು. ಹೆದ್ದಾರಿಯಲ್ಲಿ ವೇಗಮಿತಿ ಏಕೆ ಬೇಕು ಎಂಬುದಕ್ಕೆ ಬೇರೆ ವಿವರಣೆ ಬೇಕಾಗದು. ಶಿವನಸಮುದ್ರದಲ್ಲಿ ಈ ನೀರನ್ನು ದೊಡ್ಡ ಕೊಳವೆಗಳಲ್ಲಿ ಇಳಿಸಿ ಟರ್ಬೈನಿನ ಚಕ್ರ ತಿರುಗಿಸಿದರು.

ಮೂರನೆಯದು ಕಾಂತತ್ವ, ನಾಲ್ಕನೆಯದು ವಿದ್ಯುತ್ತು. ಇವೆರಡನ್ನೂ ಬೇರೆ ಮಾಡಲು ಬರುವುದಿಲ್ಲ. ತಂತಿಯ ಸುರುಳಿಯ ಬಳಿ ಅಯಸ್ಕಾಂತವನ್ನು ಸುಮ್ಮನೆ ಇಟ್ಟರೆ ಏನೂ ಆಗದು. ಅದನ್ನು ಚಲಿಸಿದರೆ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಇದನ್ನು ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡದ್ದು 1831ರಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಬ್ರಿಟಿಷರು ಮೈಸೂರಿನ ಆಡಳಿತ ಕಿತ್ತುಕೊಂಡದ್ದೂ ಅದೇ ವರ್ಷ. ಊರಿನ ಹಳೆಯ ಸೈಕಲ್ಲಿನ ಡೈನಮೋ ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಜೋರಾಗಿ ತುಳಿದರೆ ದೀಪ ಪ್ರಕಾಶ, ನಿಂತರೆ ಕತ್ತಲು. ಶಿವನಸಮುದ್ರದ ಯಂತ್ರವೂ ಅದೇ ಜಾತಿಯದು. ಕಾಲಿನ ಬದಲು ಕಾವೇರಿ ತುಳಿಯುತ್ತಿದ್ದಳು, ಅಷ್ಟೆ.

ಇನ್ನು ಉಳಿದದ್ದು ದೂರದ ಪ್ರಶ್ನೆ. ತಂತಿಯಲ್ಲಿ ವಿದ್ಯುತ್ತು ಹರಿದಾಗ ತಂತಿಯ ರೋಧದಿಂದ ಅದು ಬಿಸಿಯಾಗುತ್ತದೆ. ಆ ಬಿಸಿಯೆಲ್ಲ ನಷ್ಟ. ಆದರೆ ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ, ಅಷ್ಟೇ ಶಕ್ತಿ ಸಾಗಿಸಲು ಹತ್ತನೇ ಒಂದು ಪಾಲು ಪ್ರವಾಹ ಸಾಕು, ನಷ್ಟ ನೂರನೇ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದಲೇ ಕೋಲಾರದ ತಂತಿಗೆ 35,000 ವೋಲ್ಟ್ ಆಯ್ದರು. ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದ, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ ಬಂದವು. 1902ರ ಜೂನ್ 30ರಂದು ಕಾವೇರಿಯ ಶಕ್ತಿ ಕೋಲಾರದ ಗಣಿಗಳನ್ನು ಮುಟ್ಟಿತು. ಆಗ ಮೈಸೂರಿನ ಆಡಳಿತ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಕೈಯಲ್ಲಿತ್ತು. ಶೇಷಾದ್ರಿ ಅಯ್ಯರ್ ಆ ದಿನವನ್ನು ನೋಡಲಿಲ್ಲ; 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು.

ಇಲ್ಲಿ ಎರಡು ಮಾತು ಮಕ್ಕಳಿಗೆ ನೇರವಾಗಿ ಹೇಳಬೇಕು. ಶಿವನಸಮುದ್ರವನ್ನು ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ ಎಂದು ಹೊಗಳುವ ವಾಡಿಕೆ ನಮ್ಮಲ್ಲಿದೆ. ಆದರೆ ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ಒಂದು ಸಣ್ಣ ಕೇಂದ್ರ ಕೆಲಸ ಶುರುಮಾಡಿತ್ತು. ಶಿವನಸಮುದ್ರದ ಹಿರಿಮೆ ಇರುವುದು ಅಷ್ಟು ದೂರಕ್ಕೆ, ಅಷ್ಟು ವೋಲ್ಟೇಜಿನಲ್ಲಿ ವಿದ್ಯುತ್ತನ್ನು ಕಳಿಸಿದ ಧೈರ್ಯದಲ್ಲಿ. ಅಂದಿನ ಜಗತ್ತಿನ ಬಹು ಉದ್ದದ ತಂತಿಮಾರ್ಗಗಳಲ್ಲಿ ಅದೂ ಒಂದು. ಊರಿನ ಮೇಲಿನ ಅಭಿಮಾನಕ್ಕೆ ಸುಳ್ಳಿನ ಆಸರೆ ಬೇಕಿಲ್ಲ. ಎರಡನೆಯ ಮಾತು: ಈ ವಿದ್ಯುತ್ತು ಮೊದಲು ಹೋದದ್ದು ಚಿನ್ನಕ್ಕೆ, ಜನರಿಗಲ್ಲ. ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದ್ದು 1905ರ ಆಗಸ್ಟ್ 5ರಂದು. ನಾಡಿನ ಹಳ್ಳಿಗಳು ಇನ್ನೂ ಹಲವು ದಶಕ ಬುಡ್ಡಿದೀಪದಲ್ಲೇ ಕಾದವು. ಆ ದೀಪದ ಬೆಳಕಿನಲ್ಲಿ ಓದಿದ ಅಜ್ಜ ಅಜ್ಜಿಯರು ಇಂದೂ ನಮ್ಮ ಮನೆಗಳಲ್ಲಿದ್ದಾರೆ. ಮಕ್ಕಳು ಅವರನ್ನೇ ಕೇಳಲಿ.

ಈ ವಿಷಯಗಳನ್ನು ಕನ್ನಡದಲ್ಲಿ ಹೇಳಲು ಬರುತ್ತದೆಯೇ ಎಂಬ ಅನುಮಾನಕ್ಕೂ ಚರಿತ್ರೆಯಲ್ಲೇ ಉತ್ತರವಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆಗೂಡಿ 1918ರಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ತಂದರು. ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದ ಕೈಯೇ ಕನ್ನಡದಲ್ಲಿ ವಿಜ್ಞಾನವನ್ನೂ ಬರೆಸಿತು. ಬಳಿಕ ಶಿವರಾಮ ಕಾರಂತರು, ಜಿ.ಟಿ. ನಾರಾಯಣರಾಯರು ಮತ್ತು ಇನ್ನೂ ಹಲವರು ಆ ದಾರಿಯನ್ನು ಅಗಲ ಮಾಡಿದರು. ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರು ಮಾತುಗಳು ಮನೆಯ ಮಾತಿನಲ್ಲಿ ಒಂದೇ. ವಿಜ್ಞಾನದಲ್ಲಿ ಬೇರೆ ಬೇರೆ. ತಳ್ಳುವುದು ಬಲ, ಕೆಲಸ ಮಾಡಿಸುವ ಬಂಡವಾಳ ಶಕ್ತಿ, ಆ ಬಂಡವಾಳ ಎಷ್ಟು ಬೇಗ ಖರ್ಚಾಗುತ್ತದೆ ಎಂಬುದು ಸಾಮರ್ಥ್ಯ. ಎರಡು ಭಾಷೆಯಲ್ಲಿ ಇದನ್ನು ವಿವರಿಸಬಲ್ಲ ಮಗುವಿಗೆ ವಿಷಯ ನಿಜವಾಗಿ ತಿಳಿದಿದೆ ಎಂದು ನಂಬಬಹುದು.

ನಾವಿರುವ ಈ ನಾಡಿನಲ್ಲೂ ಅದೇ ಕಥೆ ಮುಂದುವರಿದಿದೆ. ದುಬೈಯಲ್ಲಿ ವಿದ್ಯುತ್ ಕಂಪನಿ ಹುಟ್ಟಿದ್ದು 1959ರಲ್ಲಿ, ಶೇಖ್ ರಾಶಿದ್ ಅವರ ಕಾಲದಲ್ಲಿ. ಇಲ್ಲಿ ಅನಿಲದಿಂದ ವಿದ್ಯುತ್ತು ಮಾಡಿದರೂ, ಅಬುಧಾಬಿಯ ಬರಾಕಾದಲ್ಲಿ ಪರಮಾಣುವಿನಿಂದ ಮಾಡಿದರೂ ಕೊನೆಗೆ ಟರ್ಬೈನ್ ತಿರುಗಬೇಕು, ಕಾಂತಕ್ಷೇತ್ರ ತಂತಿಯ ಬಳಿ ಸುತ್ತಬೇಕು. ಮರುಭೂಮಿಯಲ್ಲಿ ಹರಡಿರುವ ಸೌರಫಲಕಗಳಿಗೆ ಮಾತ್ರ ಚಕ್ರವೂ ಬೇಡ, ಅಯಸ್ಕಾಂತವೂ ಬೇಡ. ಆದರೆ ರಾತ್ರಿ ಅವು ಕೆಲಸ ಮಾಡವು. ಆ ಕೊರತೆ ತುಂಬಲು ಹತ್ತಾ ಬೆಟ್ಟಗಳಲ್ಲಿ 250 ಮೆಗಾವಾಟ್‌ನ ಯೋಜನೆಯೊಂದನ್ನು ರೂಪಿಸಿದ್ದಾರೆ. ಬಿಸಿಲಿನ ವಿದ್ಯುತ್ತಿನಿಂದ ನೀರನ್ನು ಬೆಟ್ಟದ ಮೇಲಿನ ಜಲಾಶಯಕ್ಕೆ ಏರಿಸುವುದು, ಬೇಕಾದಾಗ ಇಳಿಸಿ ಟರ್ಬೈನ್ ತಿರುಗಿಸುವುದು ಅದರ ಉಪಾಯ. ನೀರು, ಎತ್ತರ, ಚಕ್ರ, ಅಯಸ್ಕಾಂತ: ಶಿವನಸಮುದ್ರದ ಪಾಠವೇ.

ಇಂದು ಪದವಿ ಪತ್ರ ಪಡೆಯುತ್ತಿರುವ ಮಕ್ಕಳು ಕನ್ನಡದಲ್ಲಿ ಓದಬಲ್ಲರು, ಬರೆಯಬಲ್ಲರು. ಆದರೆ ಕನ್ನಡ ಅವರಿಗೆ ಹಬ್ಬ, ಹಾಡು, ಊಟದ ಭಾಷೆಯಾಗಿ ಮಾತ್ರ ಉಳಿದರೆ, ದೊಡ್ಡವರಾದಂತೆ ಅವರ ದೊಡ್ಡ ಯೋಚನೆಗಳಿಗೆ ಅದರಲ್ಲಿ ಜಾಗ ಸಿಗದು. ಮುಂದಿನ ರಜೆಯಲ್ಲಿ ಹತ್ತಾಕ್ಕೆ ಹೋದಾಗಲೋ ಊರಿಗೆ ಹೋಗಿ ಶಿವನಸಮುದ್ರ ನೋಡಿದಾಗಲೋ ಚಿತ್ರ ತೆಗೆಯುವುದರ ಜೊತೆಗೆ ಒಂದು ಪ್ರಶ್ನೆ ಕೇಳೋಣ: ಈ ನೀರಿನಿಂದ ದೀಪ ಹೇಗೆ ಹೊತ್ತುತ್ತದೆ? ಕನ್ನಡದಲ್ಲೇ ಕೇಳೋಣ, ಉತ್ತರವನ್ನೂ ಕನ್ನಡದಲ್ಲೇ ಹೇಳಲು ಬಿಡೋಣ. ನಡುವೆ ನಾಲ್ಕು ಇಂಗ್ಲಿಷ್ ಪದ ಬಂದರೆ ಬರಲಿ.