ಸತ್ತವರ ಒಕ್ಕಲು

ಆಂಗ್ಲ ಲೇಖಕ ಆಂಡ್ರ್ಯೂ ಮಿಲರ್ ೨೦೧೧ರಲ್ಲಿ ಪ್ರಕಟಿಸಿದ ‘ಪ್ಯೂರ್’ ಎಂಬ ಐತಿಹಾಸಿಕ ಕಾದಂಬರಿಯನ್ನು ಓದಿ ಮುಗಿಸಿದಾಗ ನನ್ನ ಮನಸ್ಸು ಪ್ಯಾರಿಸಿನಲ್ಲಿ ನಿಲ್ಲಲಿಲ್ಲ. ನಮ್ಮ ತುಂಗಭದ್ರೆಯ ಹಿನ್ನೀರಿನ ದಡಕ್ಕೆ ಬಂದು ನಿಂತಿತು. ಅದೇಕೆಂದು ಹೇಳುತ್ತೇನೆ.

ಕಥೆ ನಡೆಯುವುದು ೧೭೮೫ರಲ್ಲಿ. ನಾರ್ಮಂಡಿಯ ತರುಣ ಇಂಜಿನಿಯರನೊಬ್ಬನಿಗೆ ಸರ್ಕಾರದ ಅಪ್ಪಣೆಯಾಗುತ್ತದೆ: ಪ್ಯಾರಿಸಿನ ಪೇಟೆಯ ನಡುವೆ ಇರುವ ‘ಇನ್ನೊಸೆಂಟ್ಸ್’ ಸ್ಮಶಾನವನ್ನು ಖಾಲಿಮಾಡತಕ್ಕದ್ದು. ಅವನ ಪಾಲಿಗೆ ಅದು ಕೊಳೆ; ಸ್ಮಶಾನ ಕಾಯುವವನ ಮೊಮ್ಮಗಳಿಗೆ ಮಾತ್ರ ಅದೇ ಮನೆ, ಸತ್ತವರೇ ನೆರೆಹೊರೆ.

ಇಂಜಿನಿಯರು ಕಲ್ಪಿತ, ಸ್ಮಶಾನ ಕಲ್ಪಿತವಲ್ಲ. ಅಲ್ಲಿ ಶತಮಾನಗಳ ಕಾಲ ಬಡವರನ್ನು ದೊಡ್ಡ ಗುಂಡಿಗಳಲ್ಲಿ ಒಟ್ಟಾಗಿ ಹೂಳುತ್ತಿದ್ದರು. ಸ್ಥಳ ಸಾಲದಾದಾಗ ಹಳೆಯ ಎಲುಬುಗಳನ್ನು ತೆಗೆದು ಸುತ್ತಲಿನ ಮಂಟಪಗಳ ಅಟ್ಟದಲ್ಲಿ ಪೇರಿಸುತ್ತಿದ್ದರು. ೧೭೮೦ರಲ್ಲಿ ಪಕ್ಕದ ಮನೆಯೊಂದರ ನೆಲಮಾಳಿಗೆಯ ಗೋಡೆ ಹೆಣಗಳ ಭಾರಕ್ಕೆ ಕುಸಿಯಿತು. ಆಮೇಲೆಯೇ ಅಲ್ಲಿ ಹೂಳುವುದು ನಿಂತದ್ದು. ೧೭೮೫ರ ಕೊನೆಯಲ್ಲಿ ಅಗೆತ ಆರಂಭವಾಯಿತು. ಕಪ್ಪು ಬಟ್ಟೆ ಹೊದಿಸಿದ ಬಂಡಿಗಳು ರಾತ್ರಿಯ ಹೊತ್ತು ಎಲುಬುಗಳನ್ನು ಹೊತ್ತು ಹೊರಟವು. ಜೊತೆಯಲ್ಲಿ ಪಾದ್ರಿಗಳು ಪ್ರಾರ್ಥನೆ ಹೇಳುತ್ತ ನಡೆದರು. ನಗರದ ದಕ್ಷಿಣದ ಹಳೆಯ ಕಲ್ಲುಗಣಿಗಳನ್ನು ಅವಕ್ಕಾಗಿ ೧೭೮೬ರ ಏಪ್ರಿಲ್ ೭ರಂದು ವಿಧಿಪೂರ್ವಕವಾಗಿ ಪವಿತ್ರಗೊಳಿಸಿದರು. ತೆರವಾದ ನೆಲದಲ್ಲಿ ಸಂತೆ ಕೂಡಿತು.

ಇನ್ನು ನಮ್ಮ ಮಾತು. ಶಾಸನಗಳು ಕೋಗಳಿ-೫೦೦ ಎಂದು ಕರೆದ ನಾಡಿನ ಅಂಚನ್ನು ಇಂದು ತುಂಗಭದ್ರೆಯ ಹಿನ್ನೀರು ಮುಟ್ಟುತ್ತದೆ. ೧೯೪೫ರಲ್ಲಿ ಮೊದಲಾದ ಅಣೆಕಟ್ಟಿನ ಕೆಲಸ ೧೯೫೩ರ ಹೊತ್ತಿಗೆ ನೀರು ನಿಲ್ಲಿಸುವ ಹಂತಕ್ಕೆ ಬಂತು. ಸುಮಾರು ೯೦ ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆ ಮುಳುಗಿದಾಗ ಅಲ್ಲಿಯವರು ಮರಿಯಮ್ಮನಹಳ್ಳಿಯಲ್ಲಿ ಒಕ್ಕಲಾದರು. ಮನೆಗೆ ಬೆಲೆ ಕಟ್ಟಬಹುದು, ಹೊಲಕ್ಕೂ ಕಟ್ಟಬಹುದು. ಅಜ್ಜನನ್ನು ಹೂತ ಮೂರು ಮೊಳ ನೆಲಕ್ಕೆ ಯಾವ ದರ? ಹೂಳುವ ಪದ್ಧತಿಯೇ ಹೆಚ್ಚಾಗಿರುವ ಈ ಸೀಮೆಯಲ್ಲಿ ಊರೊಂದು ಮುಳುಗಿತೆಂದರೆ ಅದರ ಹಿರಿಯರೂ ನೀರಿನಡಿ ಸೇರಿದರೆಂದೇ ಅರ್ಥ.

ಅಣೆಕಟ್ಟು ಬೇಡವಾಗಿತ್ತೆಂದು ನಾನು ಹೇಳಲಾರೆ. ಅದರ ನೀರಿನಿಂದ ಬೆಳೆದ ಅನ್ನವನ್ನು ನಾವೆಲ್ಲ ಉಂಡಿದ್ದೇವೆ. ಪ್ಯಾರಿಸಿನ ಸ್ಮಶಾನವೂ ಹಾಗೆಯೇ ಉಳಿಯಬಹುದಾಗಿರಲಿಲ್ಲ. ಆದರೆ ಅಲ್ಲಿ ಹೆಸರು ತಿಳಿಯದ ಎಲುಬುಗಳಿಗೂ ಒಂದು ಬಂಡಿ, ಒಂದು ದೀಪ, ಒಂದು ಪ್ರಾರ್ಥನೆ ದೊರಕಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಳೆಯ ನೆಲ ಮೇಲೆದ್ದಾಗ, ಆ ದಡದಲ್ಲಿ ಚಪ್ಪಲಿ ಕಳಚಿ ಒಂದು ಗಳಿಗೆ ನಿಲ್ಲುವಷ್ಟು ಋಣವಾದರೂ ನಮ್ಮ ಮೇಲಿದೆ.