ಗುಂಗುರು ಬೆಕ್ಕಿನ ವಂಶಾವಳಿ

ತಾಳೆಗರಿಯ ಎರಡು ಪ್ರತಿಗಳಲ್ಲಿ ಒಂದೇ ತಪ್ಪು ಕಂಡರೆ ಎರಡಕ್ಕೂ ಮೂಲಪ್ರತಿ ಒಂದೇ ಎಂದು ತೀರ್ಪು ಕೊಟ್ಟುಬಿಡುವ ಚಾಪಲ್ಯ ನಮ್ಮ ಕಸುಬಿನವರಿಗೆ ಉಂಟು, ನನಗೂ ಇದ್ದಿತು. ಅದರ ಅಪಾಯವನ್ನು ನನಗೆ ಮನಗಾಣಿಸಿದ್ದು ಗ್ರಂಥಸಂಪಾದನೆಯ ಪಂಡಿತರಲ್ಲ, ಇಂಗ್ಲೆಂಡಿನ ಎರಡು ಗುಂಗುರುಗೂದಲಿನ ಬೆಕ್ಕುಗಳು. ನಗಬೇಡಿ, ಕಥೆ ಕೇಳಿ.

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಕಾರ್ನ್‌ವಾಲ್ ಎಂಬ ಪ್ರಾಂತವಿದೆ. ಅಲ್ಲಿಯ ಬಾಡ್ಮಿನ್ ಬಯಲಿನ ಒಂದು ಮನೆಯಲ್ಲಿ 1950ರ ಜುಲೈ ತಿಂಗಳಲ್ಲಿ ಸೆರೀನಾ ಎಂಬ ಸಾಧಾರಣ ಬೆಕ್ಕು ಐದು ಮರಿ ಹಾಕಿತು. ನಾಲ್ಕು ಎಲ್ಲ ಮರಿಗಳಂತೆಯೇ ಇದ್ದುವು. ಐದನೆಯದರ ಮೈಯೆಲ್ಲ ಅಲೆಯಲೆಯಾದ ಕೂದಲು. ಮೀಸೆ ಕೂಡ ಸುರುಳಿ! ಮತ್ತೊಬ್ಬರಾಗಿದ್ದರೆ ಯಾವುದೋ ಚರ್ಮರೋಗವೆಂದು ಸುಮ್ಮನಾಗುತ್ತಿದ್ದರೇನೋ. ಆದರೆ ಮನೆಯೊಡತಿ ನೀನಾ ಎನಿಸ್ಮೋರ್ ಎಂಬಾಕೆ ಹಿಂದೆ ರೆಕ್ಸ್ ಜಾತಿಯ ಮೊಲಗಳನ್ನು ಸಾಕಿದ್ದವರು. ವಿಚಿತ್ರವಾದ ತುಪ್ಪಳ ಅವರ ಕಣ್ಣಿಗೆ ಹೊಸದಲ್ಲ. ಮರಿಗೆ ಕ್ಯಾಲಿಬಂಕರ್ ಎಂದು ಹೆಸರಿಟ್ಟು, ತಳಿಯ ವಿಷಯ ಬಲ್ಲ ಎ. ಸಿ. ಜೂಡ್ ಅವರನ್ನು ಕೇಳಿದರು. ಮರಿ ಬೆಳೆದ ಮೇಲೆ ತಾಯಿಯೊಡನೆಯೇ ಕೂಡಿಸಿ ನೋಡಿ ಎಂದು ಸಲಹೆ ಬಂದಿತು. ನಮ್ಮ ಕಿವಿಗೆ ಒರಟಾದ ಮಾತು. ಆದರೆ ಬೇರೆ ದಾರಿ ಇರಲಿಲ್ಲ. ತಾಯಿಯ ರಕ್ತದಲ್ಲಿ ಗುಪ್ತವಾಗಿದ್ದ ಗುಣ ಇಮ್ಮಡಿಯಾಗಿ ಕೂಡಿದರೆ ಮಾತ್ರ ಹೊರಗೆ ಕಾಣುವಂಥದು. ಹಾಗೆ ಹುಟ್ಟಿದ ಮರಿಗಳಲ್ಲಿ ಮತ್ತೆ ಗುಂಗುರು ಮೂಡಿತು. ಮೊಲದ ನೆನಪಿಗೆ ತಳಿಯ ಹೆಸರೂ ರೆಕ್ಸ್ ಎಂದೇ ಆಯಿತು.

ಮುಂದಿನದು ಅಷ್ಟು ಸುಖದ ಸಂಗತಿಯಲ್ಲ. ಮನೆಯ ತುಂಬ ಬೆಕ್ಕುಗಳಾಗಿ, ಖರ್ಚು ಕೈಮೀರಿ, 1956ರಲ್ಲಿ ಆ ತಾಯಿಮಗ ಇಬ್ಬರಿಗೂ ಔಷಧ ಕೊಟ್ಟು ಪ್ರಾಣ ತೆಗೆಸಬೇಕಾಯಿತು. ಮರುವರ್ಷ ಅವುಗಳ ಪೀಳಿಗೆಯ ಲಮೋರ್ನಾ ಕೋವ್ ಎಂಬ ಹೆಣ್ಣು ಬೆಕ್ಕು ಅಮೆರಿಕಕ್ಕೆ ಹೋಯಿತು. ಒಂದು ವಂಶ ಉಳಿಯುವುದು ಎಷ್ಟು ತೆಳುವಾದ ಎಳೆಯ ಮೇಲೆ!

ಇಷ್ಟರಲ್ಲಿ ನೆರೆಯ ಡೆವನ್ ಪ್ರಾಂತದಲ್ಲಿ, ಬೆರಿಲ್ ಕಾಕ್ಸ್ ಎಂಬಾಕೆಯ ಮನೆಯಲ್ಲಿ, 1960ರಲ್ಲಿ ಇನ್ನೊಂದು ಗುಂಗುರು ಮರಿ ಹುಟ್ಟಿತು. ಪಾಳುಬಿದ್ದ ತವರದ ಗಣಿಯ ಸುತ್ತ ತಿರುಗುತ್ತಿದ್ದ ಸುರುಳಿಗೂದಲಿನ ಕಾಡುಗಂಡೇ ತಂದೆಯಿರಬೇಕೆಂದು ಎಣಿಕೆ. ಪತ್ರಿಕೆಯಲ್ಲಿ ಕಾರ್ನ್‌ವಾಲಿನ ತಳಿಯ ಚಿತ್ರ ಕಂಡ ಆಕೆ ತಮ್ಮ ಕರ್ಲೀಯ ವಿಷಯ ಬರೆದು ತಿಳಿಸಿದರು. ತಳಿಗಾರರಿಗೆ ಹಬ್ಬವೇ ಆಯಿತು: ಅಕ್ಕಪಕ್ಕದ ಪ್ರಾಂತ, ಅದೇ ಗುಂಗುರು, ನೆಂಟಸ್ತನ ಖಂಡಿತ! ಕರ್ಲೀಯನ್ನು ಕಾರ್ನ್‌ವಾಲಿನ ಹೆಣ್ಣುಗಳೊಡನೆ ಕೂಡಿಸಿದರು. ಹುಟ್ಟಿದ ಮರಿಗಳೋ, ಒಂದೂ ಬಿಡದಂತೆ ನೇರಗೂದಲಿನವು. ಎರಡೂ ಕಡೆಯ ಗುಣ ಒಂದೇ ಆಗಿದ್ದರೆ ಎಲ್ಲವೂ ಗುಂಗುರಾಗಬೇಕಿತ್ತು. ತಳಿಗಾರರಿಗೆ ನಿರಾಶೆಯಾಗಿರಬೇಕು; ನನಗೆ ಮಾತ್ರ ಈ ಕಥೆಯಲ್ಲಿ ಆ ಬಡಪಾಯಿ ನೇರಗೂದಲ ಮರಿಗಳೇ ಅಚ್ಚುಮೆಚ್ಚು. ಮುಂದೆ ಎರಡನ್ನೂ ಬೇರೆ ಬೇರೆ ತಳಿಗಳೆಂದೇ ಬೆಳೆಸಿದರು.

ಅವು ನುಡಿದ ಸಾಕ್ಷ್ಯ ಪ್ರಯೋಗಶಾಲೆಯಲ್ಲಿ ದೃಢಪಡಲು ಅರ್ಧ ಶತಮಾನ ಹಿಡಿಯಿತು. ಡೆವನ್ ಬೆಕ್ಕಿನ ಗುಂಗುರಿಗೆ ಕಾರಣ ಕೂದಲಿನ ಕೆರಾಟಿನ್‌ಗೆ ಸಂಬಂಧಿಸಿದ ಒಂದು ವಂಶವಾಹಿಯ ದೋಷವೆಂದು 2010ರಲ್ಲಿ ತಿಳಿಯಿತು. ಕಾರ್ನ್‌ವಾಲಿನದು ಬೇರೆಯದೇ ವಂಶವಾಹಿಯೆಂದು 2013ರಲ್ಲಿ. ತಮಾಷೆ ಕೇಳಿ: ಶ್ರೀಮಂತರ ಮಡಿಲಲ್ಲಿ ಕುಳಿತು ಮುದ್ದು ಮಾಡಿಸಿಕೊಳ್ಳುವ ಪೂಡಲ್ ನಾಯಿಯ ಗುಂಗುರಿಗೂ ಆ ಕೆರಾಟಿನ್ ವಂಶವಾಹಿಯೇ ಕಾರಣವೆಂದು 2009ರಲ್ಲಿಯೇ ಗೊತ್ತಾಗಿತ್ತು. ಎಂದರೆ ಗುಂಗುರಿನ ಮಟ್ಟಿಗೆ ಡೆವನ್ ಬೆಕ್ಕು ನೆರೆಯ ಬೆಕ್ಕಿಗಿಂತ ಪೂಡಲ್‌ಗೇ ಹತ್ತಿರ!

ನನ್ನ ಮೇಜಿನ ಮೇಲೆ ಹಸ್ತಪ್ರತಿಗಳ ವಂಶವೃಕ್ಷವೊಂದಿದೆ. ಒಂದೇ ತಪ್ಪಿನ ಬಲದಿಂದ ಎರಡು ಪ್ರತಿಗಳನ್ನು ಅಣ್ಣತಮ್ಮಂದಿರನ್ನಾಗಿ ಮಾಡಿದ್ದೆ. ಆ ಗೆರೆಯನ್ನು ಸದ್ಯಕ್ಕೆ ಅಳಿಸಿದ್ದೇನೆ.